ಒಂದು ಬೀರು, ಎರಡು ಬೀಗದ ಕೈ: ಗಂಡ-ಹೆಂಡತಿ ಪಾಸ್‌ವರ್ಡ್ ಮ್ಯಾನೇಜರ್ ಹಂಚಿಕೊಳ್ಳುವ ಕ್ರಮ

ಎರಡು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯನ್ನು ತುರ್ತಾಗಿ ಮಾಡಿಸಬೇಕಾಯಿತು. ಅವರು ದಿನವೂ ಬೆಳಗಿನ ರೈಲಿಗೆ ತುಮಕೂರಿನಿಂದ ಬೆಂಗಳೂರಿಗೆ ಹೋಗಿ ಬರುವವರು. ಗ್ಯಾಸ್ ಬುಕಿಂಗ್, ಮಕ್ಕಳ ಶಾಲೆಯ ಶುಲ್ಕ, ವಿಮೆಯ ಕಂತು ಎಲ್ಲವನ್ನೂ ರೈಲಿನಲ್ಲಿ ಕುಳಿತಲ್ಲೇ ಮುಗಿಸುತ್ತಿದ್ದುದರಿಂದ ಮನೆಯ ಖಾತೆಗಳೆಲ್ಲ ಅವರ ಫೋನಿನಲ್ಲೇ ಬೆಳೆದಿದ್ದವು. ಆಸ್ಪತ್ರೆಯ ಕೌಂಟರಿನಲ್ಲಿ ಆರೋಗ್ಯ ವಿಮೆಯ ಇ-ಕಾರ್ಡ್ ಕೇಳಿದಾಗ, ಅದು ಅವರ ಇಮೇಲಿನಲ್ಲಿದೆ ಎಂಬುದಷ್ಟೇ ನನಗೆ ಗೊತ್ತಿತ್ತು. ಬೀರುವಿನಲ್ಲಿದ್ದ ಡೈರಿಯನ್ನು ಮಗಳು ಮನೆಗೆ ಓಡಿಹೋಗಿ ತಂದಳು. ಅದರಲ್ಲಿ ಒಂದೇ ಇಮೇಲಿಗೆ ನಾಲ್ಕು ಪಾಸ್‌ವರ್ಡುಗಳನ್ನು ಬರೆದು ಮೂರನ್ನು ಹೊಡೆದುಹಾಕಲಾಗಿತ್ತು. ಉಳಿದ ನಾಲ್ಕನೆಯದೂ ಹಳೆಯದಾಗಿತ್ತು. ಮುಂಗಡವನ್ನು ನಾವೇ ಕೈಯಿಂದ ಕಟ್ಟಿದೆವು. ಆ ಹಣ ವಿಮೆಯಿಂದ ಮರಳಿ ಬರಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು.

ಅವರು ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಮೊದಲು ಆಡಿದ ಮಾತು, “ನಿನ್ನಿಂದ ಮುಚ್ಚಿಡೋದು ಏನಿದೆ, ಎಲ್ಲಾ ಒಂದೇ ಖಾತೆಗೆ ಹಾಕಿ ಇಬ್ಬರೂ ಬಳಸೋಣ” ಎಂಬುದು. ನಾನು “ಮುಚ್ಚಿಡೋ ಮಾತಲ್ಲ ರೀ, ನಿಯಮದ ಮಾತು” ಎಂದೆ. ಅವರು ಹೇಳಿದ ಖಾತೆ ಪಾಸ್‌ವರ್ಡ್ ಮ್ಯಾನೇಜರಿನದು, ಅಂದರೆ ಎಲ್ಲ ಪಾಸ್‌ವರ್ಡುಗಳನ್ನೂ ಒಂದು ತಿಜೋರಿಯಂತೆ ಕಾಯ್ದಿಡುವ ಆ್ಯಪಿನದು. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವ ನನಗೆ ಈ ವಿಷಯವನ್ನು ಓದಿ ತಿಳಿದುಕೊಳ್ಳಲು, ನಮ್ಮ ಮನೆಯಲ್ಲಿ ಜಾರಿಗೆ ತರಲು ಸುಮಾರು ಮೂರು ತಿಂಗಳು ಬೇಕಾದವು. ಆ ಬಳಿಕ ನೆಂಟರ, ಸಹೋದ್ಯೋಗಿಗಳ ಮನೆಗಳಲ್ಲಿಯೂ ಕುಳಿತು ಇದನ್ನು ಹೊಂದಿಸಿಕೊಟ್ಟಿದ್ದೇನೆ. ಎಲ್ಲ ಕಡೆಯೂ ನಾನು ಮೊದಲು ಹೇಳಿದ್ದು ಒಂದೇ: ಖಾತೆಯನ್ನು ಹಂಚಿಕೊಳ್ಳಬೇಡಿ, ಖಾತೆಯ ಒಳಗಿನ ಒಂದು ಅರೆಯನ್ನು, ಅಂದರೆ ಬೀರುವಿನ ಖಾನೆಯಂಥ ಒಂದು ಭಾಗವನ್ನು, ಮಾತ್ರ ಹಂಚಿಕೊಳ್ಳಿ. ಗಂಡನಿಗೊಂದು, ಹೆಂಡತಿಗೊಂದು ಪ್ರತ್ಯೇಕ ಖಾತೆ, ಆ ಖಾತೆಯ ತಿಜೋರಿಯನ್ನು ತೆರೆಯುವ ಪ್ರತ್ಯೇಕ ಮಾಸ್ಟರ್ ಪಾಸ್‌ವರ್ಡ್ ಇರಬೇಕು. ಇಬ್ಬರ ಕೈಗೂ ಎಟುಕುವಂತೆ ನಡುವೆ ಒಂದು ಹಂಚಿಕೆಯ ಜಾಗವಿರಬೇಕು. ಆ ಜಾಗಕ್ಕೆ ಏನು ಸೇರಬೇಕು, ಏನು ಸೇರಬಾರದು ಎಂಬುದನ್ನು ನಮ್ಮ ಪ್ರೀತಿ-ವಿಶ್ವಾಸಗಳಿಗಿಂತ ಹೆಚ್ಚಾಗಿ ಆಯಾ ಖಾತೆಯ ನಿಯಮಗಳೇ ತೀರ್ಮಾನಿಸುತ್ತವೆ.

ಮೊದಲು ಪಟ್ಟಿ, ಆಮೇಲೆ ಆ್ಯಪ್

ಯಾವ ಆ್ಯಪನ್ನೂ ಇಳಿಸಿಕೊಳ್ಳುವ ಮೊದಲು ಒಂದು ಭಾನುವಾರ ಇಬ್ಬರೂ ಜೊತೆಯಾಗಿ ಕುಳಿತು, ಹಾಳೆಯ ಮೇಲೆ ಮನೆಯ ಎಲ್ಲ ಖಾತೆಗಳ ಹೆಸರುಗಳನ್ನು ಬರೆಯಿರಿ. ಪಾಸ್‌ವರ್ಡುಗಳನ್ನು ಬರೆಯಬೇಡಿ, ಹೆಸರುಗಳನ್ನು ಮಾತ್ರ ಬರೆಯಿರಿ. ಪ್ರತಿ ಹೆಸರಿನ ಮುಂದೆ ಅದು ಯಾರ ಮೊಬೈಲ್ ಸಂಖ್ಯೆಗೆ, ಯಾರ ಇಮೇಲಿಗೆ ಜೋಡಣೆಯಾಗಿದೆ ಎಂಬುದನ್ನು ಬರೆಯಿರಿ. ಈ ಎರಡನೆಯ ಅಂಕಣವೇ ಬಹಳ ಮುಖ್ಯ. ಶಿಡ್ಲಘಟ್ಟದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಈ ಪಟ್ಟಿ ಮಾಡಿದಾಗ, ಅವಳ ಬ್ಯಾಂಕ್ ಖಾತೆ, ಅವಳ ಇಮೇಲ್, ಮಗನ ಶಾಲೆಯ ಖಾತೆ ಎಲ್ಲದಕ್ಕೂ ಅವಳ ಯಜಮಾನರ ಒಂದೇ ನಂಬರ್ ಇರುವುದು ತಿಳಿಯಿತು. ಗೃಹಲಕ್ಷ್ಮಿಯ 2,000 ರೂಪಾಯಿ ಅವಳ ಖಾತೆಗೆ ಜಮೆಯಾದ ಸಂದೇಶವೂ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿರುವ ಅವರ ಫೋನಿಗೇ ಹೋಗುತ್ತಿತ್ತು.

ಪಟ್ಟಿ ಮಾಡುವಾಗ ಕೆಲವು ಹೆಸರುಗಳು ತಾವಾಗಿಯೇ ಬಿಟ್ಟುಹೋಗುತ್ತವೆ. ಬೆಸ್ಕಾಂ ಬಿಲ್ ಕಟ್ಟಲು ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆ ಗೊತ್ತಿದ್ದರೆ ಸಾಕು, ಯಾರ ಫೋನಿನಿಂದಲಾದರೂ ಕಟ್ಟಬಹುದು. ಭೂಮಿ ಜಾಲತಾಣದಲ್ಲಿ ಪಹಣಿ ನೋಡಲು ಸರ್ವೆ ನಂಬರ್ ಸಾಕು. ಇಂಥವುಗಳಿಗೆ ಪಾಸ್‌ವರ್ಡ್ ಹಂಚಿಕೆಯ ಪ್ರಶ್ನೆಯೇ ಬರುವುದಿಲ್ಲ. ಸಂಖ್ಯೆಗಳನ್ನು ಒಂದು ಟಿಪ್ಪಣಿಯಾಗಿ ಹಂಚಿಕೆಯ ಜಾಗದಲ್ಲಿ ಬರೆದಿಟ್ಟರೆ ಕೆಲಸ ಮುಗಿಯಿತು.

ಉಳಿದವನ್ನು ಮೂರು ಗುಂಪು ಮಾಡಿ. ಒಂದು, ಮನೆಯದು: ವೈಫೈ, ಗ್ಯಾಸ್, ಇಂಟರ್‌ನೆಟ್ ಸಂಪರ್ಕ, ಮಕ್ಕಳ ಶಾಲೆಯ ಪೋರ್ಟಲ್, ಸಿಸಿಟಿವಿ ಕ್ಯಾಮೆರಾ, ಮನೆಮಂದಿಗೆಲ್ಲ ಎಂದೇ ಕೊಂಡ ಚಂದಾಗಳು, ವಿಮೆಯ ಪಾಲಿಸಿ ಸಂಖ್ಯೆಗಳು. ಎರಡು, ಒಬ್ಬೊಬ್ಬರದು: ಇಮೇಲ್, ಸಾಮಾಜಿಕ ಜಾಲತಾಣ, ಕಚೇರಿಯ ಖಾತೆಗಳು. ಮೂರು, ನಿಯಮದ ಪ್ರಕಾರ ಇನ್ನೊಬ್ಬರಿಗೆ ಕೊಡಲೇ ಬಾರದವು. ಮೂರನೆಯ ಗುಂಪಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನ ಮನೆಗಳು ತಪ್ಪುವುದು ಇಲ್ಲೇ.

ಗಂಡನಿಗೂ ಹೇಳಬಾರದ, ಹೆಂಡತಿಗೂ ಹೇಳಬಾರದ ಗುಟ್ಟುಗಳು

ಎಟಿಎಂ ಪಿನ್, ಯುಪಿಐ ಪಿನ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್, ಒಟಿಪಿ ಇವು ಖಾತೆದಾರರಿಗೆ ಮಾತ್ರ ಸೇರಿದವು. ಬ್ಯಾಂಕುಗಳ ಷರತ್ತುಗಳು “ಯಾರಿಗೂ ತಿಳಿಸಬಾರದು” ಎಂದು ಹೇಳುವಾಗ ಆ “ಯಾರಿಗೂ” ಎಂಬುದರಲ್ಲಿ ಸಂಗಾತಿಯೂ ಸೇರುತ್ತಾರೆ. ಇದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಉದಾಹರಣೆಯಿದೆ. ಬೆಂಗಳೂರಿನ ಬಾಣಂತಿಯೊಬ್ಬರು 2013ರಲ್ಲಿ 25,000 ರೂಪಾಯಿ ತರಲೆಂದು ತಮ್ಮ ಎಟಿಎಂ ಕಾರ್ಡನ್ನೂ ಪಿನ್ನನ್ನೂ ಪತಿಯ ಕೈಗೆ ಕೊಟ್ಟು ಕಳುಹಿಸಿದರು. ಯಂತ್ರದಿಂದ ಹಣ ಬರಲಿಲ್ಲ, ಆದರೆ ಖಾತೆಯಿಂದ ಕಡಿತವಾಯಿತು. ಪಿನ್ ಬೇರೆಯವರಿಗೆ ತಿಳಿಸಿದ್ದು ನಿಯಮದ ಉಲ್ಲಂಘನೆ ಎಂದು ಬ್ಯಾಂಕ್ ವಾದಿಸಿತು. 2018ರಲ್ಲಿ ಗ್ರಾಹಕ ವೇದಿಕೆ ಆ ವಾದವನ್ನು ಎತ್ತಿಹಿಡಿದು ದೂರನ್ನು ವಜಾ ಮಾಡಿತು. ಹಸುಗೂಸನ್ನು ಬಿಟ್ಟು ಹೊರಗೆ ಹೋಗಲಾಗದೆ ಗಂಡನನ್ನು ಕಳುಹಿಸಿದ ತಾಯಿಯ ವಿಷಯದಲ್ಲಿ ಈ ತೀರ್ಪು ಕಠಿಣವಾಯಿತೆಂದು ನನಗೆ ಇಂದಿಗೂ ಅನ್ನಿಸುತ್ತದೆ. ಆದರೂ ನಿಯಮ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಧಾಟಿಯೂ ಇದೇ. ಬ್ಯಾಂಕಿನ ತಪ್ಪೂ ಇಲ್ಲದೆ ಗ್ರಾಹಕರ ತಪ್ಪೂ ಇಲ್ಲದೆ ಹಣ ಹೋದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ. ಪಾವತಿಯ ಗುಟ್ಟಿನ ವಿವರಗಳನ್ನು ಹಂಚಿಕೊಂಡಂತಹ ನಿರ್ಲಕ್ಷ್ಯದಿಂದ ಹಣ ಹೋದರೆ ಮಾತ್ರ, ಬ್ಯಾಂಕಿಗೆ ತಿಳಿಸುವ ಹೊತ್ತಿನವರೆಗಿನ ಪೂರ್ತಿ ನಷ್ಟವನ್ನು ಗ್ರಾಹಕರೇ ಹೊರಬೇಕು. ನಾಳೆ ಯಾರೋ ವಂಚಕರು ಹಣ ಎಗರಿಸಿದಾಗ, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಇಬ್ಬರ ಕೈಯಲ್ಲಿತ್ತು ಎಂಬ ಒಂದೇ ಸಂಗತಿ ನಿಮ್ಮ ದೂರಿನ ಬಲವನ್ನು ಕುಗ್ಗಿಸಬಹುದು. ಆದ್ದರಿಂದ ನಮ್ಮ ಮನೆಯಲ್ಲಿ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡುಗಳು ಅವರವರ ಖಾಸಗಿ ತಿಜೋರಿಯಲ್ಲಿವೆ, ಪಿನ್‌ಗಳು ಅವರವರ ತಲೆಯಲ್ಲಿವೆ. ಹಂಚಿಕೆಯ ಜಾಗದಲ್ಲಿ ಬ್ಯಾಂಕಿನ ಹೆಸರು, ಶಾಖೆ, ಖಾತೆ ಸಂಖ್ಯೆ, ನಾಮಿನಿ ಯಾರು ಎಂಬ ವಿವರಗಳಷ್ಟೇ ಇವೆ.

ಹಾಗಾದರೆ ಒಬ್ಬರು ಹಾಸಿಗೆ ಹಿಡಿದಾಗ ಇನ್ನೊಬ್ಬರು ಹಣ ತೆಗೆಯುವುದು ಹೇಗೆ? ಇದಕ್ಕೆ ಬ್ಯಾಂಕಿಂಗ್ ವ್ಯವಸ್ಥೆಯಲ್ಲೇ ನೇರವಾದ ದಾರಿಗಳಿವೆ. ಮನೆಯ ಖರ್ಚಿನ ಒಂದು ಖಾತೆಯನ್ನು ಜಂಟಿಯಾಗಿ, “ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು” ಎಂಬ ಷರತ್ತಿನಲ್ಲಿ ತೆರೆಯಿರಿ. ಬ್ಯಾಂಕುಗಳವರು ಇದನ್ನು ಐದರ್ ಆರ್ ಸರ್ವೈವರ್ ಎನ್ನುತ್ತಾರೆ. ಅಲ್ಲಿ ಇಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಕಾರ್ಡನ್ನೂ ನೆಟ್ ಬ್ಯಾಂಕಿಂಗ್ ಐಡಿಯನ್ನೂ ಕೇಳಿ ಪಡೆಯಬಹುದು, ಆಗ ಪಾಸ್‌ವರ್ಡ್ ಹಂಚುವ ಅಗತ್ಯವೇ ಇರುವುದಿಲ್ಲ. ಕೈಖರ್ಚಿಗೆ 2024ರ ಆಗಸ್ಟಿನಲ್ಲಿ ಬಂದ ಯುಪಿಐ ಸರ್ಕಲ್ ಇದೆ. ಖಾತೆದಾರರು ತಮ್ಮ ಸಂಗಾತಿಯನ್ನು ಎರಡನೆಯ ಬಳಕೆದಾರರನ್ನಾಗಿ ಸೇರಿಸಿದರೆ, ಪೂರ್ಣ ಅನುಮತಿಯ ವಿಧಾನದಲ್ಲಿ ಒಂದು ಪಾವತಿಗೆ 5,000 ರೂಪಾಯಿ, ತಿಂಗಳಿಗೆ 15,000 ರೂಪಾಯಿ ಮಿತಿಯೊಳಗೆ ಅವರು ತಮ್ಮ ಫೋನಿನಿಂದಲೇ ಪಾವತಿಸಬಹುದು. ಇಲ್ಲಿ ಪಿನ್ ಕೈ ಬದಲಾಗುವುದಿಲ್ಲ.

ಸಾವಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಇದನ್ನು ಮಾತನಾಡುವುದು ಅಪಶಕುನವೆಂದು ತಿಳಿಯುವವರೇ ಹೆಚ್ಚು. ಖಾತೆದಾರರು ತೀರಿಕೊಂಡ ಮೇಲೆ ಅವರ ಪಾಸ್‌ವರ್ಡ್ ಬಳಸಿ ಹಣ ವರ್ಗಾಯಿಸುವುದು, ಅವರ ಕಾರ್ಡಿನಿಂದ ಹಣ ತೆಗೆಯುವುದು ಸರಿಯಾದ ಮಾರ್ಗವಲ್ಲ. ಮುಂದೆ ವಾರಸುದಾರರ ನಡುವೆ ತಕರಾರಾದರೆ ಹಾಗೆ ಮಾಡಿದವರೇ ಉತ್ತರ ಹೇಳಬೇಕಾಗುತ್ತದೆ. ನಾಮಿನಿ ಹೆಸರು ಇದ್ದರೆ, ಮರಣ ಪ್ರಮಾಣಪತ್ರ ಮತ್ತು ಗುರುತಿನ ದಾಖಲೆಗಳನ್ನೆಲ್ಲ ಸಲ್ಲಿಸಿದ 15 ದಿನಗಳೊಳಗೆ ಬ್ಯಾಂಕು ಕ್ಲೇಮು ಇತ್ಯರ್ಥ ಮಾಡಬೇಕು. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಲು ಅವಕಾಶವಾಗಿದೆ. ನಾಮಿನಿ ಎಂದರೆ ಹಣವನ್ನು ಪಡೆದುಕೊಳ್ಳುವವರು ಎಂದಷ್ಟೇ ಅರ್ಥ, ಅದರಿಂದ ಉಳಿದ ವಾರಸುದಾರರ ಹಕ್ಕು ಅಳಿಯುವುದಿಲ್ಲ. ನಿಮ್ಮ ಖಾತೆಗೆ ನಾಮಿನಿ ಇದ್ದಾರೆಯೇ ಎಂಬುದನ್ನು ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ನೋಡಿ. ಅಲ್ಲಿ ಕಾಣದಿದ್ದರೆ ಶಾಖೆಗೆ ಹೋಗಿ ಕೇಳಿ.

ಬೇರೆ ಖಾತೆಗಳ ನಿಯಮಗಳನ್ನು ಸಂಕ್ಷೇಪವಾಗಿ ಹೇಳಬಹುದು. ಆಧಾರ್ ಆಧಾರಿತವಾದ ಡಿಜಿಲಾಕರ್, ಪಿಎಫ್, ಆದಾಯ ತೆರಿಗೆಯ ಖಾತೆಗಳು ವ್ಯಕ್ತಿಯ ಗುರುತಿಗೇ ಅಂಟಿಕೊಂಡವು. ಇವು ಖಾಸಗಿ ತಿಜೋರಿಯಲ್ಲೇ ಇರಲಿ. ಐಆರ್‌ಸಿಟಿಸಿ ಐಡಿಯೂ ವೈಯಕ್ತಿಕವಾದದ್ದು. ನಿಮ್ಮ ಐಡಿಯಿಂದ ಸಂಗಾತಿಗೂ ಮನೆಮಂದಿಗೂ ಟಿಕೆಟ್ ಕಾಯ್ದಿರಿಸಲು ಅಡ್ಡಿಯಿಲ್ಲ, ಮಾರಾಟ ಮಾಡುವುದಷ್ಟೇ ಅಪರಾಧ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್ ಟಿಕೆಟ್ ಆಧಾರ್ ದೃಢೀಕರಣವಾದ ಖಾತೆಗೆ ಮಾತ್ರ ಸಿಗುವುದರಿಂದ, ಇಬ್ಬರೂ ಬೇರೆ ಬೇರೆ ಐಡಿ ಮಾಡಿಕೊಳ್ಳುವುದೇ ಲೇಸು. ನೆಟ್‌ಫ್ಲಿಕ್ಸ್ 2023ರ ಜುಲೈನಿಂದ ಭಾರತದಲ್ಲಿಯೂ ಒಂದು ಖಾತೆ ಒಂದೇ ಮನೆಗೆ ಎಂಬ ನಿಯಮವನ್ನು ಬಿಗಿಗೊಳಿಸಿದೆ. ತುಮಕೂರಿನಲ್ಲಿ ಹೆಂಡತಿ-ಮಕ್ಕಳು ಇದ್ದು ಗಂಡ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿರುವ ಸಂಸಾರಗಳಿಗೆ ಇದು ತೊಡಕಾಗಿ ಕಾಣಿಸಿಕೊಳ್ಳಬಹುದು. ಕಚೇರಿಯ ಖಾತೆಗಳ ಪಾಸ್‌ವರ್ಡನ್ನು ಮನೆಯ ಹಂಚಿಕೆಗೆ ಎಂದೂ ಸೇರಿಸಬೇಡಿ, ಕಚೇರಿ ಕೊಟ್ಟ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಮನೆಯ ಗುಟ್ಟುಗಳನ್ನೂ ಇಡಬೇಡಿ. ಕೆಲಸ ಬಿಟ್ಟ ದಿನ ಆ ತಿಜೋರಿ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಯಾವುದನ್ನು ಆರಿಸಬೇಕು

ಇಬ್ಬರ ಬಳಿಯೂ ಐಫೋನ್ ಇದ್ದರೆ, ಐಓಎಸ್ 17ರಿಂದ ಬಂದಿರುವ ಹಂಚಿಕೆಯ ಪಾಸ್‌ವರ್ಡ್ ಗುಂಪು ಸಾಕಾಗುತ್ತದೆ. ಇಬ್ಬರೂ ಆಂಡ್ರಾಯ್ಡ್ ಬಳಸುವವರಾದರೆ ಗೂಗಲ್ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಕುಟುಂಬದ ಗುಂಪಿನೊಳಗೆ ಪಾಸ್‌ವರ್ಡ್ ಕಳುಹಿಸಬಹುದು. ಆದರೆ ಅಲ್ಲಿ ಎದುರಿನವರಿಗೆ ಸಿಗುವುದು ಒಂದು ಪ್ರತಿ ಮಾತ್ರ; ನೀವು ಆಮೇಲೆ ಪಾಸ್‌ವರ್ಡ್ ಬದಲಿಸಿದರೆ ಅವರ ಬಳಿ ಹಳೆಯದೇ ಉಳಿಯುತ್ತದೆ. ನಮ್ಮ ಡೈರಿಯಲ್ಲಿ ಆದದ್ದೂ ಅದೇ ಆದ್ದರಿಂದ ನಾನು ಆ ದಾರಿಯನ್ನು ಬಿಟ್ಟೆ. ಗೂಗಲ್ ಕುಟುಂಬದ ಗುಂಪಿನಲ್ಲಿ ಒಟ್ಟು ಆರು ಜನರಿಗೆ ಅವಕಾಶವಿದೆ, ಒಬ್ಬರು ಒಂದೇ ಗುಂಪಿನಲ್ಲಿರಬಹುದು, ಗುಂಪು ಬದಲಿಸುವುದು 12 ತಿಂಗಳಿಗೆ ಒಮ್ಮೆ ಮಾತ್ರ ಸಾಧ್ಯ. ಅಣ್ಣನ ಗುಂಪಿನಲ್ಲಿ ಆಗಲೇ ಸೇರಿಕೊಂಡಿರುವ ಹೊಸ ಮದುಮಗಳು ಇದನ್ನು ಮೊದಲೇ ತಿಳಿದಿರಬೇಕು. ಹಣ ಕೊಡಲು ಸಿದ್ಧರಿದ್ದರೆ ಒನ್‌ಪಾಸ್‌ವರ್ಡ್‌ನ ಐವರ ಕುಟುಂಬ ಯೋಜನೆ ಇದೆ.

ನಾನು ಆರಿಸಿಕೊಂಡದ್ದು ಬಿಟ್‌ವಾರ್ಡನ್. ಅದರ ಮೂಲ ಸಂಕೇತ ಯಾರು ಬೇಕಾದರೂ ಪರಿಶೀಲಿಸುವಂತೆ ತೆರೆದಿದೆ, ಆಂಡ್ರಾಯ್ಡ್, ಐಫೋನ್, ಕಂಪ್ಯೂಟರ್ ಎಲ್ಲದರಲ್ಲೂ ಕೆಲಸ ಮಾಡುತ್ತದೆ, ಮತ್ತು ಇಬ್ಬರು ಸೇರಿ ಬಳಸುವ ಒಂದು ಹಂಚಿಕೆಯ ಜಾಗವನ್ನು ಉಚಿತವಾಗಿಯೇ ಕೊಡುತ್ತದೆ. ಗಂಡ-ಹೆಂಡತಿಗೆ ಆ ಇಬ್ಬರ ಮಿತಿ ಸರಿಯಾಗಿ ಹೊಂದುತ್ತದೆ. ಮಕ್ಕಳೂ ಸೇರಬೇಕಾದಾಗ ಆರು ಜನರ ಕುಟುಂಬ ಯೋಜನೆಗೆ ಹಣ ಕಟ್ಟಬೇಕಾಗುತ್ತದೆ.

ಎರಡು ಖಾತೆ, ಎರಡು ಮಾಸ್ಟರ್ ಪಾಸ್‌ವರ್ಡ್

ಇಬ್ಬರೂ ತಮ್ಮ ತಮ್ಮ ಸ್ವಂತ ಇಮೇಲಿನಿಂದ ಬೇರೆ ಬೇರೆ ಖಾತೆ ತೆರೆಯಿರಿ. “ನಮ್ಮಿಬ್ಬರದೂ ಒಂದೇ ಇಮೇಲ್” ಎನ್ನುವವರು ಮೊದಲು ಎರಡನೆಯ ಇಮೇಲ್ ಮಾಡಿಕೊಳ್ಳಬೇಕು. ನೋಂದಣಿಯ ಪುಟದಲ್ಲಿ ಸರ್ವರ್ ಯಾವ ಪ್ರದೇಶದ್ದು ಎಂಬ ಆಯ್ಕೆ ಸಣ್ಣದಾಗಿ ಕಾಣುತ್ತದೆ. ಇಬ್ಬರೂ ಒಂದೇ ಪ್ರದೇಶವನ್ನು ಆರಿಸಬೇಕು. ಒಬ್ಬರು ಅಮೆರಿಕದ ಸರ್ವರಿನಲ್ಲಿ, ಇನ್ನೊಬ್ಬರು ಯುರೋಪಿನ ಸರ್ವರಿನಲ್ಲಿ ಇದ್ದರೆ ಹಂಚಿಕೆ ಆಗುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಇದೇ ಕಾರಣಕ್ಕೆ ಒಂದು ಸಂಜೆಯನ್ನೆಲ್ಲ ಕಳೆದರು.

ಮಾಸ್ಟರ್ ಪಾಸ್‌ವರ್ಡ್ ಕನಿಷ್ಠ 12 ಅಕ್ಷರಗಳಿರಬೇಕೆಂದು ಬಿಟ್‌ವಾರ್ಡನ್ ಹೇಳುತ್ತದೆ. ನಾನು ಐದು ಪದಗಳನ್ನು ಸೇರಿಸಿ ಇನ್ನೂ ಉದ್ದ ಮಾಡಿಕೊಳ್ಳಿ ಎನ್ನುತ್ತೇನೆ. ಮಕ್ಕಳ ಹೆಸರು, ಮನೆದೇವರ ಹೆಸರು, ಕೆಎ 06 ಎಂದು ಆರಂಭವಾಗುವ ಗಾಡಿಯ ನಂಬರ್, ಮದುವೆಯ ದಿನಾಂಕ ಇವು ಬೇಡ. ಹಳೆಯ ಶಾಲಾ ನಿಘಂಟನ್ನು ತೆಗೆದುಕೊಂಡು ಕಣ್ಣು ಮುಚ್ಚಿ ಐದು ಕಡೆ ಬೆರಳಿಡಿ, ಬೆರಳಿಗೆ ಸಿಕ್ಕ ಐದು ಪದಗಳನ್ನು ಸಿಕ್ಕ ಕ್ರಮದಲ್ಲೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ. ಮನಸ್ಸಿಗೆ ಹಿಡಿಸಲಿಲ್ಲವೆಂದು ಪದವನ್ನು ಬದಲಿಸಬೇಡಿ; ಬದಲಿಸಿದರೆ ಅದು ನಿಮ್ಮ ಸ್ವಭಾವ ಬಲ್ಲವರು ಊಹಿಸಬಹುದಾದ ಮಾತಾಗುತ್ತದೆ. ಇದಕ್ಕೆ ಕಾರಣ ಬರಿಯ ಗಣಿತ. ನಿಘಂಟಿನ ಬದಲು, ಆರು ಮುಖದ ದಾಳವನ್ನು ಐದು ಬಾರಿ ಉರುಳಿಸಿ ಪದ ಆರಿಸುವ ಪಟ್ಟಿಯೂ ಇದೆ; ಅದರಲ್ಲಿ 7,776 ಪದಗಳಿರುತ್ತವೆ, ಹೊಸ ಪದವೊಂದು ಸೇರಿದಾಗಲೆಲ್ಲ ಕಳ್ಳರು ಪ್ರಯತ್ನಿಸಬೇಕಾದ ಸಾಧ್ಯತೆಗಳು 7,776 ಪಟ್ಟು ಹೆಚ್ಚುತ್ತವೆ.

ಇಷ್ಟು ಶ್ರಮ ಬೇಕೇ ಎಂದು ಕೇಳುವವರಿಗೆ 2022ರ ಲಾಸ್ಟ್‌ಪಾಸ್ ಎಂಬ ಇನ್ನೊಂದು ಪಾಸ್‌ವರ್ಡ್ ಮ್ಯಾನೇಜರಿನ ಪ್ರಕರಣವನ್ನು ನೆನಪಿಸುತ್ತೇನೆ. ಆ ವರ್ಷ ಕಳ್ಳರು ಗ್ರಾಹಕರ ತಿಜೋರಿಗಳ ಪ್ರತಿಗಳನ್ನೇ ಕದ್ದೊಯ್ದರು. ಒಳಗಿನ ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದವು, ಜಾಲತಾಣಗಳ ವಿಳಾಸಗಳು ಹಾಗಿರಲಿಲ್ಲ. ಕದ್ದ ಪ್ರತಿಯ ಮುಂದೆ ಕುಳಿತು ಎಷ್ಟು ವರ್ಷ ಬೇಕಾದರೂ ಊಹಿಸುತ್ತಿರಬಹುದಾದ ಕಳ್ಳರಿಗೂ ನಿಮ್ಮ ಪಾಸ್‌ವರ್ಡುಗಳಿಗೂ ನಡುವೆ ಉಳಿಯುವುದು ಮಾಸ್ಟರ್ ಪಾಸ್‌ವರ್ಡ್ ಒಂದೇ. ಅದನ್ನು ಮರೆತರೆ ಸಂಸ್ಥೆಯೂ ಸಹಾಯ ಮಾಡಲಾರದು, ಏಕೆಂದರೆ ಅದು ಅವರಿಗೂ ಗೊತ್ತಿರುವುದಿಲ್ಲ.

ಹಂಚಿಕೆಯ ಜಾಗವನ್ನು ಕಟ್ಟುವುದು

ಈ ಕೆಲಸವನ್ನು ಫೋನಿನ ಆ್ಯಪಿನಲ್ಲಿ ಅಲ್ಲ, ಕಂಪ್ಯೂಟರಿನ ಬ್ರೌಸರಿನಲ್ಲಿ ಬಿಟ್‌ವಾರ್ಡನ್ ಜಾಲತಾಣವನ್ನು ತೆರೆದು ಮಾಡಬೇಕು. ಇಬ್ಬರಲ್ಲಿ ಒಬ್ಬರು ತಮ್ಮ ಖಾತೆಗೆ ಲಾಗಿನ್ ಆಗಿ ‘ನ್ಯೂ ಆರ್ಗನೈಜೇಷನ್’ ಎಂಬುದನ್ನು ಒತ್ತಿ, ಉಚಿತ ಯೋಜನೆಯನ್ನು ಆರಿಸಿ, ‘ನಮ್ಮ ಮನೆ’ ಎಂದೋ ಬೇರೆ ಏನನ್ನೋ ಹೆಸರಿಡಿ. ಬಳಿಕ ‘ಮೆಂಬರ್ಸ್’ ಪುಟದಲ್ಲಿ ಸಂಗಾತಿಯ ಇಮೇಲಿಗೆ ಆಹ್ವಾನ ಕಳುಹಿಸಿ. ಅವರು ಇಮೇಲಿನ ಕೊಂಡಿಯನ್ನು ಒತ್ತಿ ಆಹ್ವಾನವನ್ನು ಒಪ್ಪಿಕೊಳ್ಳಬೇಕು. ಇಲ್ಲಿಗೆ ಮುಗಿಯಿತೆಂದು ಬಹಳ ಜನ ಎದ್ದುಬಿಡುತ್ತಾರೆ, ಆಮೇಲೆ ಏನೂ ಕಾಣಿಸುತ್ತಿಲ್ಲವೆಂದು ಚಿಂತಿಸುತ್ತಾರೆ. ಆಹ್ವಾನಿಸಿದವರು ಮತ್ತೆ ಅದೇ ಪುಟಕ್ಕೆ ಬಂದು ಸಂಗಾತಿಯ ಹೆಸರನ್ನು ‘ಕನ್ಫರ್ಮ್’ ಮಾಡಿದ ಮೇಲೆಯೇ ಗೂಢಲಿಪಿಯ ಕೀಲಿ ಅವರಿಗೆ ತಲುಪುತ್ತದೆ. ಆ ಹೊತ್ತಿನಲ್ಲಿ ಐದು ಇಂಗ್ಲಿಷ್ ಪದಗಳ ಒಂದು ಸಾಲು ಕಾಣುತ್ತದೆ. ಸಂಗಾತಿಯ ಖಾತೆಯ ಸೆಟ್ಟಿಂಗ್ಸ್‌ನಲ್ಲಿರುವ ಸಾಲೂ ಅದೇ ಆಗಿದೆಯೇ ಎಂದು ಪಕ್ಕದಲ್ಲೇ ಕುಳಿತು ಓದಿ ಹೋಲಿಸಿ ನೋಡಿ.

ಇನ್ನೊಂದು ಮಾತನ್ನು ನಾನು ಒತ್ತಿ ಹೇಳುತ್ತೇನೆ: ಇಬ್ಬರನ್ನೂ ‘ಓನರ್’ ಮಾಡಿ. ಜಾಗವನ್ನು ಕಟ್ಟಿದವರು ಮಾತ್ರ ಓನರ್ ಆಗಿ, ಇನ್ನೊಬ್ಬರು ಬರಿಯ ‘ಯೂಸರ್’ ಆಗಿ ಉಳಿದರೆ, ಕಟ್ಟಿದವರಿಗೆ ಏನಾದರೂ ಆದಾಗ ಉಳಿದವರು ಅದನ್ನು ನಿರ್ವಹಿಸಲಾರರು. ನಾನು ನೋಡಿದ ಮನೆಗಳಲ್ಲೆಲ್ಲ ಕಟ್ಟುತ್ತಿದ್ದವರು ಗಂಡಂದಿರು, ಯೂಸರ್ ಆಗುತ್ತಿದ್ದವರು ಹೆಂಡತಿಯರು. ಯಾರೂ ಬೇಕೆಂದು ಹಾಗೆ ಮಾಡಿರಲಿಲ್ಲ, ಆದರೆ ಕಷ್ಟಕಾಲದಲ್ಲಿ ಅದರ ಭಾರ ಬೀಳುವುದು ಹೆಂಡತಿಯ ಮೇಲೆಯೇ.

ಉಚಿತ ಯೋಜನೆಯಲ್ಲಿ ಎರಡು ‘ಕಲೆಕ್ಷನ್’ಗಳಿಗೆ, ಅಂದರೆ ಖಾತೆಗಳನ್ನು ಗುಂಪು ಮಾಡಿಡುವ ಖಾನೆಗಳಿಗೆ, ಅವಕಾಶವಿದೆ. ನಾವು ಒಂದನ್ನು ದಿನನಿತ್ಯದ ಖಾತೆಗಳಿಗೂ ಇನ್ನೊಂದನ್ನು ಮಕ್ಕಳ ಖಾತೆಗಳಿಗೂ ಬಳಸುತ್ತೇವೆ. ಪಟ್ಟಿಯ ಮೊದಲ ಗುಂಪಿನ ಖಾತೆಗಳನ್ನು ಒಂದೊಂದಾಗಿ ಅಲ್ಲಿಗೆ ಸೇರಿಸಿ. ಸೇರಿಸುವ ಮುನ್ನ ಆಯಾ ಜಾಲತಾಣದಲ್ಲಿ ಹೊಸ, ಉದ್ದನೆಯ ಪಾಸ್‌ವರ್ಡನ್ನು ಆ್ಯಪಿನಿಂದಲೇ ಸೃಷ್ಟಿಸಿ ಬದಲಿಸಿ. ಖಾಸಗಿ ತಿಜೋರಿಯಿಂದ ಹಂಚಿಕೆಗೆ ಒಮ್ಮೆ ಸರಿಸಿದ ಖಾತೆಯ ಒಡೆತನ ಆ ಹಂಚಿಕೆಯ ಜಾಗಕ್ಕೆ ಸೇರುತ್ತದೆ. ಹಿಂದಕ್ಕೆ ಬೇಕಾದರೆ ಅದರ ಪ್ರತಿ ಮಾಡಿಕೊಳ್ಳಬೇಕು. ಪಾಸ್‌ವರ್ಡನ್ನು ಮರೆಮಾಡಿ ಬಳಸಲು ಮಾತ್ರ ಕೊಡುವ ಆಯ್ಕೆಯೂ ಇದೆ, ಆದರೆ ನೋಡಲೇಬೇಕೆಂದು ಹಟ ಹಿಡಿದವರನ್ನು ಅದು ತಡೆಯದು. ಸಂಗಾತಿ ನೋಡಬಾರದ್ದನ್ನು ಅಲ್ಲಿ ಇಡದಿರುವುದೇ ಸರಿ. ಎಲ್ಲ ಮುಗಿದ ಮೇಲೆ ವಾಟ್ಸ್ಆ್ಯಪಿನಲ್ಲಿ ಪರಸ್ಪರ ಕಳುಹಿಸಿದ ಹಳೆಯ ಪಾಸ್‌ವರ್ಡ್ ಸಂದೇಶಗಳನ್ನು ಹುಡುಕಿ ಅಳಿಸಿ, ಡೈರಿಯ ಆ ಪುಟಗಳನ್ನು ಹರಿದುಹಾಕಿ.

ಒಟಿಪಿ ಯಾರ ಫೋನಿಗೆ ಬರುತ್ತದೆ

ಪಾಸ್‌ವರ್ಡ್ ಕೈಯಲ್ಲಿದ್ದರೂ ಒಟಿಪಿ ಇನ್ನೊಬ್ಬರ ಫೋನಿಗೆ ಹೋದರೆ ಬಾಗಿಲು ತೆರೆಯುವುದಿಲ್ಲ. ಪಟ್ಟಿಯ ಎರಡನೆಯ ಅಂಕಣವನ್ನು ಈಗ ಹೊರತೆಗೆಯಿರಿ. ಹೆಂಡತಿಯ ಬ್ಯಾಂಕ್ ಖಾತೆಗೆ ಹೆಂಡತಿಯ ನಂಬರನ್ನೇ ನೋಂದಾಯಿಸಿ. ಬ್ಯಾಂಕಿನ ಶಾಖೆಯಲ್ಲೋ ಎಟಿಎಂನಲ್ಲೋ ಇದನ್ನು ಮಾಡಿಸಬಹುದು. ಆ ಸಿಮ್ ಅವಳ ಹೆಸರಿನಲ್ಲೇ ಇರಲಿ, ರೀಚಾರ್ಜ್ ತಪ್ಪದಿರಲಿ. ತಿಂಗಳುಗಟ್ಟಲೆ ಬಳಸದೆ ಬಿಟ್ಟ ಪ್ರಿಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಿ ಬೇರೆಯವರಿಗೆ ಕೊಡಬಹುದು, ಆಗ ನಿಮ್ಮ ಒಟಿಪಿಗಳು ಅಪರಿಚಿತರ ಫೋನಿಗೆ ಹೋಗುತ್ತವೆ. ಮನೆಯ ಖಾತೆಗಳಲ್ಲಿ ಎರಡು ಮೊಬೈಲ್ ಸಂಖ್ಯೆಗಳನ್ನು ಸೇರಿಸಲು ಅವಕಾಶವಿರುವ ಕಡೆ ಎರಡನ್ನೂ ಸೇರಿಸಿ.

ಬಿಟ್‌ವಾರ್ಡನ್ ಖಾತೆಗೇ ಎರಡು ಹಂತದ ಪರಿಶೀಲನೆಯನ್ನು, ಅಂದರೆ ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಸಂಕೇತವನ್ನೂ ಕೇಳುವ ವ್ಯವಸ್ಥೆಯನ್ನು, ಹಾಕಿಕೊಳ್ಳಿ. ಹಾಕಿಕೊಳ್ಳದವರು ಹೊಸ ಫೋನಿನಿಂದ ಲಾಗಿನ್ ಆದಾಗ, 2025ರಿಂದ ಅವರ ಇಮೇಲಿಗೆ ಒಂದು ಸಂಖ್ಯೆ ಹೋಗುತ್ತದೆ. ಇಮೇಲಿನ ಪಾಸ್‌ವರ್ಡ್ ತಿಜೋರಿಯ ಒಳಗೆ ಮಾತ್ರ ಇದ್ದರೆ ಏನಾಗುತ್ತದೆಂದು ಯೋಚಿಸಿ: ತಿಜೋರಿ ತೆರೆಯಲು ಇಮೇಲ್ ಬೇಕು, ಇಮೇಲ್ ತೆರೆಯಲು ತಿಜೋರಿ ಬೇಕು. ಫೋನ್ ಕಳೆದ ದಿನ ಇದು ಅರಿವಾದರೆ ತಡವಾಗಿರುತ್ತದೆ. ಆದ್ದರಿಂದ ಇಮೇಲಿನ ಪಾಸ್‌ವರ್ಡನ್ನೂ ಬಾಯಿಪಾಠ ಮಾಡಿಕೊಳ್ಳಿ ಅಥವಾ ಮುಂದೆ ಹೇಳುವ ಕಾಗದದಲ್ಲಿ ಬರೆದಿಡಿ.

ಲಕೋಟೆ

ಇಬ್ಬರೂ ತಮ್ಮ ಮಾಸ್ಟರ್ ಪಾಸ್‌ವರ್ಡ್, ಎರಡು ಹಂತದ ಪರಿಶೀಲನೆ ಕೈಕೊಟ್ಟಾಗ ಬಳಸುವ ರಿಕವರಿ ಕೋಡ್, ಇಮೇಲಿನ ಪಾಸ್‌ವರ್ಡ್ ಇಷ್ಟನ್ನೂ ಕೈಯಿಂದ ಒಂದು ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ. ಬ್ಯಾಂಕಿನ ಪಿನ್‌ಗಳನ್ನು ಇದರಲ್ಲಿ ಬರೆಯಬೇಡಿ. ಕಾಗದದ ಫೋಟೊ ತೆಗೆಯಬೇಡಿ. ನಮ್ಮ ಎರಡು ಲಕೋಟೆಗಳು ಮನೆಪತ್ರಗಳ ಜೊತೆ ಬೀರುವಿನ ಲಾಕರಿನಲ್ಲಿವೆ. ತೆರೆಯುವ ಸಂದರ್ಭ ಯಾವುದು ಎಂಬುದನ್ನೂ ನಾವು ಮಾತನಾಡಿಕೊಂಡಿದ್ದೇವೆ: ಲಕೋಟೆಯ ಒಡೆಯರು ತಾವೇ ಹೇಳಬೇಕು, ಅಥವಾ ಹೇಳಲಾಗದ ಸ್ಥಿತಿಯಲ್ಲಿರಬೇಕು.

ಕಾಗದ ಬೇಡವೆನ್ನುವವರಿಗೆ ಬಿಟ್‌ವಾರ್ಡನ್ನಿನ ಹಣ ಕಟ್ಟುವ ಯೋಜನೆಯಲ್ಲಿ ‘ಎಮರ್ಜೆನ್ಸಿ ಆಕ್ಸೆಸ್’ ಇದೆ. ಸಂಗಾತಿ ಪ್ರವೇಶ ಕೇಳಿದಾಗ ನಿಮಗೆ ಸೂಚನೆ ಬರುತ್ತದೆ. ನೀವು ಗೊತ್ತುಮಾಡಿದಷ್ಟು ದಿನಗಳೊಳಗೆ ಬೇಡ ಎನ್ನದಿದ್ದರೆ ಅವರಿಗೆ ತಿಜೋರಿ ತೆರೆಯುತ್ತದೆ. ಇದರ ಜೊತೆಗೆ ಗೂಗಲ್ ಖಾತೆಯಲ್ಲಿ ನಿಷ್ಕ್ರಿಯ ಖಾತೆಯ ವ್ಯವಸ್ಥೆಯನ್ನು ತಪ್ಪದೆ ಹೊಂದಿಸಿ. ಮೂರರಿಂದ 18 ತಿಂಗಳವರೆಗೆ ನೀವು ಹೇಳಿದ ಅವಧಿಯಲ್ಲಿ ಖಾತೆ ಬಳಕೆಯಾಗದಿದ್ದರೆ, ನೀವು ಹೆಸರಿಸಿದವರಿಗೆ ನೀವು ಆರಿಸಿದ ಮಾಹಿತಿ ಸಿಗುತ್ತದೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಮಕ್ಕಳ ಬಾಲ್ಯದ ಫೋಟೊಗಳೆಲ್ಲ ಅಲ್ಲೇ ಇರುವ ಮನೆಗಳು ಎಷ್ಟೋ ಇವೆ. ಐಫೋನಿನವರು ಆ್ಯಪಲ್ ಖಾತೆಯಲ್ಲಿ ‘ಲೆಗಸಿ ಕಾಂಟ್ಯಾಕ್ಟ್’, ಅಂದರೆ ತಾವು ತೀರಿಕೊಂಡ ಮೇಲೆ ಖಾತೆಯ ಮಾಹಿತಿ ಪಡೆಯಬಹುದಾದವರ ಹೆಸರನ್ನು, ಸೇರಿಸಬಹುದು.

ಒಪ್ಪಿಗೆಯಿಲ್ಲದ ಹಂಚಿಕೆ

ಇಷ್ಟೆಲ್ಲವೂ ಇಬ್ಬರ ಒಪ್ಪಿಗೆಯಿಂದ ನಡೆಯಬೇಕು. ಸಂಗಾತಿಯ ಪಾಸ್‌ವರ್ಡನ್ನು ಒತ್ತಾಯದಿಂದ ಕೇಳುವುದು, ನಿದ್ದೆಯಲ್ಲಿದ್ದಾಗ ಬೆರಳು ಒತ್ತಿಸಿ ಫೋನ್ ತೆರೆಯುವುದು ಹಂಚಿಕೆಯಾಗುವುದಿಲ್ಲ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು; ಗಂಡ-ಹೆಂಡತಿಗೆ ಅದರಲ್ಲಿ ವಿನಾಯಿತಿಯಿಲ್ಲ. ಮನಸ್ತಾಪ ಬಂದು ಬೇರೆಯಾಗುವ ಸಂದರ್ಭ ಒದಗಿದರೆ, ಪ್ರತ್ಯೇಕ ಖಾತೆಗಳಿದ್ದವರು ಮನೆಯ ಅರೆಯನ್ನಷ್ಟೇ ಇತ್ಯರ್ಥ ಮಾಡಿಕೊಂಡರೆ ಸಾಕು. ಒಂದೇ ಖಾತೆ ಬಳಸಿದವರು ತಮ್ಮ ಇಮೇಲಿನಿಂದ ಮೊದಲುಗೊಂಡು ಎಲ್ಲವನ್ನೂ ಹೊಸದಾಗಿ ಬದಲಿಸಬೇಕಾಗುತ್ತದೆ. ಹಣದ ವಂಚನೆ ಯಾರಿಂದ ಆದರೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಪರೀಕ್ಷೆ

ಹೊಂದಿಸಿದ ವ್ಯವಸ್ಥೆಯನ್ನು ಪರೀಕ್ಷಿಸದೆ ಬಿಡಬೇಡಿ. ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಒಬ್ಬರ ಫೋನನ್ನು ಆಫ್ ಮಾಡಿ ಬೀರುವಿನಲ್ಲಿಡುತ್ತೇವೆ. ಇನ್ನೊಬ್ಬರು ತಮ್ಮ ಫೋನಿನಿಂದ ಮಾತ್ರ ಗ್ಯಾಸ್ ಬುಕ್ ಮಾಡಬೇಕು, ಶಾಲೆಯ ಪೋರ್ಟಲ್ ತೆರೆಯಬೇಕು, ವಿಮೆಯ ಇ-ಕಾರ್ಡನ್ನು ಹುಡುಕಿ ತೋರಿಸಬೇಕು. ಎಲ್ಲಿ ನಿಲ್ಲುತ್ತದೋ ಅದನ್ನು ಹಾಳೆಯಲ್ಲಿ ಬರೆದುಕೊಂಡು ಅಂದೇ ಸರಿಪಡಿಸುತ್ತೇವೆ. ಮೊದಲ ಸಲ ಐದು ಕಡೆ ನಿಂತಿತ್ತು. ಕಳೆದ ಸಲ ಒಂದೇ ಕಡೆ ನಿಂತಿತು: ಗ್ಯಾಸ್ ಬುಕಿಂಗಿನ ಒಟಿಪಿ ಇನ್ನೂ ಅವರ ನಂಬರಿಗೇ ಹೋಗುತ್ತಿತ್ತು. ಮರುದಿನ ಶಾಲೆಯಿಂದ ಬರುವಾಗ ಏಜೆನ್ಸಿಗೆ ಹೋಗಿ ನನ್ನ ನಂಬರನ್ನು ಸೇರಿಸಿ ಬಂದೆ.